ಬ್ರೇಕ್ ಮೊದಲು, ಬಣ್ಣ ಆಮೇಲೆ

ಗುಜರಿಯಿಂದ ಹಳೆಯ ಜಾವಾ ತಂದು ಅದಕ್ಕೆ ಮರುಜೀವ ಕೊಡುತ್ತೇವೆಂದು ಹೊರಟ ಚೆನ್ನೈ ಕನ್ನಡಿಗರಲ್ಲಿ ನಾನೂ ಒಬ್ಬ. ಹಾಗಾಗಿ ಇಲ್ಲಿ ಬೈಯುವುದರಲ್ಲಿ ಅರ್ಧ ನನಗೇ ಸಲ್ಲಬೇಕು.

ಗುಜರಿ ಗಾಡಿಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ನೋಡಿ. ಎಂಜಿನ್ ಇರುತ್ತದೆ, ಚಾಸಿ ಇರುತ್ತದೆ, ತುಕ್ಕು ಹಿಡಿದ ಟ್ಯಾಂಕೂ ಇರುತ್ತದೆ. ಕ್ಲಚ್ ಲಿವರ್, ಮುಂದಿನ ಬ್ರೇಕಿನ ಲಿವರ್, ಆಕ್ಸಿಲರೇಟರ್ ಗ್ರಿಪ್, ಮೂರು ಕೇಬಲ್ಲು ಮಾತ್ರ ಇರುವುದಿಲ್ಲ. ಒಂದು ಸ್ಪ್ಯಾನರ್ ಇದ್ದರೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬಹುದಾದ ಸಾಮಾನುಗಳಿವು, ಅದಕ್ಕೇ ಮೊದಲು ಕಾಣೆಯಾಗುತ್ತವೆ. ಗಾಡಿ ಸವಾರನ ಮಾತು ಕೇಳುವುದೂ ಇವುಗಳ ಮೂಲಕವೇ. ನಾವಾದರೋ ಟ್ಯಾಂಕಿನ ಬಣ್ಣಕ್ಕೂ ಕ್ರೋಮಿಗೂ ಸಾವಿರಗಟ್ಟಲೆ ಸುರಿದು, ಫೋಟೊ ತೆಗೆಸಿಕೊಂಡು, ಕೇಬಲ್ಲಿನ ವಿಷಯ ಬಂದಾಗ ಚೌಕಾಸಿಗೆ ಇಳಿಯುತ್ತೇವೆ.

ನಮ್ಮಲ್ಲಿ ಎರಡು ಪಂಗಡ. ಒಂದು 'ನಡೆಯುತ್ತೆ ಬಿಡಿ' ಪಂಗಡ, ಇನ್ನೊಂದು 'ಒರಿಜಿನಲ್ಲೇ ಬೇಕು' ಪಂಗಡ.

ನಾನು ಮೊದಲನೆಯದರಲ್ಲಿದ್ದವನು. ಹಳೆಯ ಜಾವಾದಲ್ಲಿ ಗೇರ್ ಪೆಡಲನ್ನು ಕಾಲಲ್ಲಿ ಒತ್ತಿದರೆ ಕ್ಲಚ್ ತಾನಾಗಿ ಬಿಡುವ ಏರ್ಪಾಡಿದೆ. ಅದನ್ನೇ ಹಿಡಿದುಕೊಂಡು ಮೆಕ್ಯಾನಿಕ್, "ಕ್ಲಚ್ ಲಿವರ್ ಇಲ್ಲದಿದ್ದರೂ ಓಡುತ್ತೆ ಸಾರ್" ಅಂದ. ಓಡಿತು. ಓಡುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಆಗ ಹೊಳೆಯಲಿಲ್ಲ. ಮುಂದಿನ ಬ್ರೇಕಿಗೆ ಪುದುಪೇಟೆಯ ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕ ಬೇರೆ ಯಾವುದೋ ಗಾಡಿಯ ಲಿವರ್ ಹಾಕಿಸಿದೆ. ಕೇಬಲ್ ಉದ್ದವಾಯಿತೆಂದು ತುದಿ ಕತ್ತರಿಸಿ, ಬೆಸುಗೆಯ ಬದಲು ಸ್ಕ್ರೂ ಬಿಗಿಯುವ ನಿಪ್ಪಲ್ ಸಿಕ್ಕಿಸಿದೆವು. ಮೂರನೇ ವಾರ, ಫ್ಲೈಓವರ್ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ತಂತಿ ನಿಪ್ಪಲ್ಲಿನಿಂದ ಜಾರಿತು. ಲಿವರ್ ಗ್ರಿಪ್ಪಿಗೆ ಬಂದು ಬಡಿಯಿತು. ಹಿಂದಿನ ಬ್ರೇಕೊಂದೇ ಸಾಲದೆ, ನಿಂತಿದ್ದ ವ್ಯಾನಿಗೆ ಗುದ್ದಿದೆ. ನನಗೆ ಮೊಣಕಾಲು ತರಚಿತು, ಅಷ್ಟೇ. ಹಿಂದೆ ಕೂತಿದ್ದ ಭಾವಮೈದನ ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರಿನಲ್ಲಿತ್ತು. ಗಾಡಿಯ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ನೋಡಿದಾಗ ಆದಷ್ಟು ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ.

ಲಿವರ್ ಅಂದರೆ ಕೈಗೆ ಸಿಗುವ ಒಂದು ಕಡ್ಡಿಯಲ್ಲ. ಅದು ತಿರುಗುವ ಬೋಲ್ಟಿನ ನಡುವಿನಿಂದ ನಿಪ್ಪಲ್ ಕೂರುವ ತೂತಿನ ನಡುವಿಗೆ ಇರುವ ಅಂತರದಲ್ಲಿ ಎಲ್ಲ ಲೆಕ್ಕವೂ ಅಡಗಿದೆ. ಆ ಅಂತರ ಹೆಚ್ಚಾದರೆ ಕೇಬಲ್ ಹೆಚ್ಚು ದೂರ ಎಳೆಯುತ್ತದೆ, ಆದರೆ ಬ್ರೇಕಿಗೆ ಮುಟ್ಟುವ ಬಲ ಕಡಿಮೆ. ಕಡಿಮೆಯಾದರೆ ಕೈಗೆ ಹಗುರ, ಆದರೆ ಲಿವರ್ ಗ್ರಿಪ್ಪಿಗೆ ತಾಕಿದರೂ ಬ್ರೇಕ್ ಪೂರ್ತಿ ಹಿಡಿಯದಿರಬಹುದು, ಕ್ಲಚ್ ಪೂರ್ತಿ ಬಿಡದಿರಬಹುದು. ಅಳೆಯಲು ಬೇಕಾದದ್ದು ಒಂದು ಸ್ಕೇಲು ಮತ್ತು ಎರಡು ನಿಮಿಷ. ನಾನು ಅದನ್ನೂ ಮಾಡಿರಲಿಲ್ಲ.

ಇನ್ನು ಒರಿಜಿನಲ್ ಪಂಗಡ. ಇವರು ಕಾರ್ಖಾನೆಯ ಪೊಟ್ಟಣ ಒಡೆಯದ ಕೇಬಲ್ಲಿಗಾಗಿ ಊರೂರು ಅಲೆಯುತ್ತಾರೆ, ಕೇಳಿದಷ್ಟು ಕೊಡುತ್ತಾರೆ. ಹೊಸದಾಗಿ ಮಾಡಿಸಿದ ಕೇಬಲ್ ಕಂಡರೆ ಮೈಲಿಗೆಯಾದಂತೆ ಮೂಗು ಮುರಿಯುತ್ತಾರೆ. ಸ್ವಾಮಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ ಅತ್ಯಂತ ಎಳೆಯ ಕೇಬಲ್ಲಿಗೂ ಕಾಲು ಶತಮಾನ ದಾಟಿದೆ. ಪೊಟ್ಟಣದೊಳಗೇ ಗ್ರೀಸ್ ಒಣಗಿರಬಹುದು, ಹೊರಕವಚದ ಮರೆಯಲ್ಲಿ ತಂತಿಗೆ ತುಕ್ಕು ಹತ್ತಿರಬಹುದು. ಅದು ನಿಮ್ಮ ಕಣ್ಣಿಗೆ ಬೀಳುವುದು ಕಡಿದ ಮೇಲೆ.

ಇವರು ಕಾನೂನಿನ ಹೆಸರನ್ನೂ ಎಳೆಯುತ್ತಾರೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ 2021ರ ನಿಯಮ ಮೂಲರೂಪ ಉಳಿದಿರಬೇಕು ಅನ್ನುತ್ತದೆ, ನಿಜ. ಆದರೆ ಅದು ಹೆಸರಿಸಿ ಬೇಡವೆನ್ನುವುದು ಚಾಸಿ, ಬಾಡಿ, ಎಂಜಿನ್ನಿನ ಮಾರ್ಪಾಡನ್ನು. ಸವೆದ ಕೇಬಲ್ ಬದಲಿಸಬೇಡಿ ಎಂದು ಅದರಲ್ಲಿ ಎಲ್ಲಿದೆ?

ಚರಿತ್ರೆಯನ್ನೇ ಕೇಳುವುದಾದರೂ ಅದು ಇವರ ಪರ ಸಾಕ್ಷಿ ಹೇಳುವುದಿಲ್ಲ. ಚೆಕೊಸ್ಲೊವಾಕಿಯಾದ ಗಾಡಿ 1961ರಿಂದ ಮೈಸೂರಿನಲ್ಲಿ ತಯಾರಾಗತೊಡಗಿತು. 1973ರ ಹೊತ್ತಿಗೆ ಹೆಸರೇ ಬದಲಾಗಿ ಯೆಜ್ಡಿ ಆಯಿತು. ಊರು ಬದಲಿಸಿ, ಹೆಸರು ಬದಲಿಸಿ, ಆಮೇಲೂ ದಶಕಗಳ ಕಾಲ ಓಡಿದ ಗಾಡಿಗೆ ಒಂದು ಕೇಬಲ್ ಬದಲಿಸಿದರೆ ಜಾತಿ ಕೆಡುತ್ತದೆಯೇ? ಊರು ಬಿಟ್ಟು ಬಂದು ಬದುಕು ಕಟ್ಟಿಕೊಂಡ ನಮಗಾದರೂ ಇದು ಅರ್ಥವಾಗಬೇಕಿತ್ತು.

ಒರಿಜಿನಲ್ ಪಂಗಡದ ಒಂದು ಆತಂಕವನ್ನು ಒಪ್ಪುತ್ತೇನೆ. ಹಳೆಯದನ್ನು ಎಸೆದರೆ ಮುಂದೆ ಅಳತೆಗೂ ಮಾದರಿ ಇರುವುದಿಲ್ಲ. ಹಾಗಾದರೆ ಎಸೆಯಬೇಡಿ. ಒರಿಜಿನಲ್ ಲಿವರ್ ಸಿಕ್ಕಿದರೆ ಅಳತೆ ತೆಗೆದುಕೊಂಡು, ಚೀಟಿ ಅಂಟಿಸಿ ಡಬ್ಬಿಯಲ್ಲಿಡಿ. ಬೋಲ್ಟಿನ ತೂತು ಸವೆದಿಲ್ಲ, ಎಲ್ಲೂ ಬಿರುಕಿಲ್ಲ ಎಂದು ಖಾತ್ರಿಯಾದರೆ ಮಾತ್ರ ಗಾಡಿಗೆ ಹಾಕಿ. ಕೇಬಲ್ಲುಗಳನ್ನಂತೂ ಹೊಸದಾಗಿಯೇ ಮಾಡಿಸಿ. ತಂತಿಯ ತುದಿಯ ಎಳೆಗಳನ್ನು ನಿಪ್ಪಲ್ಲಿನೊಳಗೆ ಹೂವಿನಂತೆ ಬಿಡಿಸಿ, ಬೆಸುಗೆ ತುಂಬಿಸುವುದನ್ನು ಎದುರಿಗೆ ನಿಂತು ನೋಡಿ. ಸ್ಕ್ರೂ ನಿಪ್ಪಲ್ ಕೊಡುತ್ತೇನೆಂದರೆ ಆ ಅಂಗಡಿಯಿಂದ ಎದ್ದು ಬನ್ನಿ. ಆಮೇಲೆ ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸಿ. ಎಂಜಿನ್ನಿನ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಎಳೆಯುತ್ತಿದೆ ಎಂದರ್ಥ. ಗ್ರಿಪ್ ತಿರುಗಿಸಿ ಕೈಬಿಟ್ಟರೆ ಅದು ತಾನಾಗಿ ಹಿಂದಕ್ಕೆ ಮರಳಬೇಕು. ಮರಳದಿದ್ದರೆ ಆ ಗಾಡಿ ಗೇಟು ದಾಟಬಾರದು.

ಇಷ್ಟೆಲ್ಲ ಆದ ಮೇಲೆ ಬಣ್ಣ ಹಚ್ಚಿ, ಬೇಕಾದಷ್ಟು ಹಚ್ಚಿ, ಮೈಸೂರಿನ ಹೆಸರನ್ನೂ ಬರೆಸಿ. ನನ್ನ ಗಾಡಿಗೆ ಈಗ ಹೊಸ ಕೇಬಲ್ಲುಗಳಿವೆ, ಅಳತೆಗೆ ಸರಿಹೋದ ಲಿವರ್ ಇದೆ. ಭಾವಮೈದ ಮಾತ್ರ ಇನ್ನೂ ಹಿಂದೆ ಕೂರಲು ಒಪ್ಪಿಲ್ಲ. ಅವನದೇ ಸರಿ.