ಆರೋಪಿಗೆ ವಕೀಲರನ್ನು ಹುಡುಕಿಕೊಡುವುದು ಪಾಪವೇ?

ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಬಂದಾಗ ಮಸೀದಿಯ ಗೇಟಿನ ಬಳಿ ಒಬ್ಬ ತಾಯಿ ನಿಂತಿದ್ದರು. ಅವರ ಮಗ ಹಿಂದೆ ಮದ್ರಸದಲ್ಲಿ ನನ್ನ ಬಳಿ ಕಲಿತವನು. ಗೆಳೆಯನೊಬ್ಬನ ಮಾತು ನಂಬಿ ತನ್ನ ಬ್ಯಾಂಕ್ ಖಾತೆಯ ಪುಸ್ತಕ, ಎಟಿಎಂ ಕಾರ್ಡ್, ಸಿಮ್ ಎಲ್ಲವನ್ನೂ ಅವನ ಕೈಗಿತ್ತಿದ್ದ. ಆ ಖಾತೆಯ ಮೂಲಕ ಯಾರನ್ನೋ ವಂಚಿಸಿದ ಹಣ ಹಾದುಹೋಗಿತ್ತು. ಪೊಲೀಸರು ಬಂದು ಅವನನ್ನು ಕರೆದೊಯ್ದಿದ್ದರು. ಆ ತಾಯಿ ನಮ್ಮ ಬಳಿ ಹಣ ಕೇಳಲಿಲ್ಲ, ಒಬ್ಬ ಒಳ್ಳೆಯ ವಕೀಲರ ಹೆಸರು ಕೇಳಿದರು. ಹಿರಿಯರೊಬ್ಬರು ಹೇಳಿದರು: "ನೋಡು ತಂಗಿ, ತಪ್ಪು ಮಾಡದಿದ್ದರೆ ಪೊಲೀಸರೇಕೆ ಬರುತ್ತಾರೆ? ಜಮಾಅತನ್ನು ಇದಕ್ಕೆಲ್ಲ ಎಳೆಯಬೇಡ." ಆ ತಾಯಿ ಮರುಮಾತಿಲ್ಲದೆ ಹೊರಟುಹೋದರು. ನಾನೂ ಆಗ ಬಾಯಿ ತೆರೆಯಲಿಲ್ಲ. ಆದ್ದರಿಂದ ಮುಂದಿನ ಮಾತುಗಳು ಮೊದಲು ನನಗೇ ಅನ್ವಯಿಸುತ್ತವೆ.

ವಕೀಲರನ್ನು ಹುಡುಕಿಕೊಡಲು ಹಿಂಜರಿಯುವ ನಮ್ಮವರು ಪವಿತ್ರ ಕುರ್‌ಆನನ್ನೇ ಆಧಾರವಾಗಿ ತೋರಿಸುತ್ತಾರೆ. ವಂಚಕರ ಪರವಾಗಿ ವಾದಿಸಬೇಡಿರೆಂದು ಸೂರಃ ಅನ್ನಿಸಾದ 105ನೆಯ ಸೂಕ್ತ ಆದೇಶಿಸುವುದು ನಿಜ. ಆದರೆ ಆ ಸೂಕ್ತ ಅವತೀರ್ಣವಾದ ಸಂದರ್ಭವನ್ನು ಇವರು ಓದಿದ್ದಾರೆಯೇ? ವ್ಯಾಖ್ಯಾನಕಾರರು ವಿವರಿಸುವಂತೆ, ಮದೀನಾದಲ್ಲಿ ಮುಸ್ಲಿಮನೆಂದು ಹೇಳಿಕೊಳ್ಳುತ್ತಿದ್ದ ಒಬ್ಬಾತ ಯುದ್ಧಕವಚವೊಂದನ್ನು ಕದ್ದು ಓರ್ವ ಯಹೂದಿಯ ಮನೆಗೆ ಸಾಗಿಸಿದ. ಕದ್ದ ಮಾಲು ಯಹೂದಿಯ ಮನೆಯಲ್ಲಿ ಸಿಕ್ಕಿತು. ಕಳ್ಳನ ಕುಲದವರೆಲ್ಲ ಒಂದಾಗಿ ತಮ್ಮವನು ನಿರಪರಾಧಿಯೆಂದು ಪ್ರವಾದಿವರ್ಯರ(ಸ) ಮುಂದೆ ವಾದಿಸಿದರು. ಹೊರಗಿನ ಸಾಕ್ಷ್ಯವೂ ಯಹೂದಿಯ ವಿರುದ್ಧವೇ ಇತ್ತು. ಆಗ ಅವತೀರ್ಣವಾದ ಸೂಕ್ತಗಳು ಆ ಯಹೂದಿಯನ್ನು ದೋಷಮುಕ್ತಗೊಳಿಸಿದವು. ತಾನು ಮಾಡಿದ ಪಾಪವನ್ನು ನಿರಪರಾಧಿಯ ತಲೆಗೆ ಕಟ್ಟುವವನು ಘೋರ ಸುಳ್ಳಾರೋಪದ ಹೊರೆ ಹೊರುತ್ತಾನೆಂದು 112ನೆಯ ಸೂಕ್ತ ಎಚ್ಚರಿಸಿತು.

ಯಾವ ಸೂಕ್ತಗಳು ಒಬ್ಬ ಆರೋಪಿಯನ್ನು ರಕ್ಷಿಸಿದವೋ ಅವುಗಳನ್ನೇ ಇನ್ನೊಬ್ಬ ಆರೋಪಿಯನ್ನು ಕೈಬಿಡಲು ಬಳಸುವುದು ಎಂಥ ನ್ಯಾಯ? ಅಂದು ಕವಚ ಸಿಕ್ಕಿದ ಮನೆಯೇ ಕಳ್ಳನ ಮನೆ ಆಗಿರಲಿಲ್ಲ. ಇಂದು ಹಣ ಹಾದುಹೋದ ಖಾತೆಯ ಒಡೆಯನೇ ವಂಚಕನೆಂದು ವಿಚಾರಣೆಗೆ ಮೊದಲೇ ನಾವು ತೀರ್ಮಾನಿಸುವುದು ಹೇಗೆ?

ಹಝ್ರತ್ ಅಲಿಯವರನ್ನು(ರ) ಯಮನಿಗೆ ನ್ಯಾಯಾಧೀಶರಾಗಿ ಕಳುಹಿಸುವಾಗ, ಇಬ್ಬರ ಮಾತನ್ನೂ ಆಲಿಸದೆ ತೀರ್ಪು ಕೊಡಬಾರದೆಂದು ಪ್ರವಾದಿವರ್ಯರು(ಸ) ಉಪದೇಶಿಸಿದ್ದರು. ತಂತ್ರಜ್ಞಾನದ ಮೊಕದ್ದಮೆಯಲ್ಲಿ ಆರೋಪಿಯ ಮಾತನ್ನು ಆಡಬಲ್ಲವನು ವಕೀಲ ಮಾತ್ರ. ಸಿಮ್ ಒಬ್ಬನ ಹೆಸರಿನಲ್ಲಿದ್ದು ಫೋನ್ ಇನ್ನೊಬ್ಬನ ಕೈಯಲ್ಲಿರಬಹುದು. ಮೊಬೈಲ್ ಜಾಲದಲ್ಲಿ ಒಂದೇ ಐಪಿ ವಿಳಾಸವನ್ನು ಏಕಕಾಲಕ್ಕೆ ಅನೇಕರು ಹಂಚಿಕೊಂಡಿರುತ್ತಾರೆ. ಡಿಜಿಟಲ್ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಮಂಡಿಸಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ದಾಖಲೆ ತಿದ್ದಲ್ಪಟ್ಟಿಲ್ಲವೆಂದು ಪರೀಕ್ಷಿಸಲು ಅದರಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ ಅಡಿಯ ವಂಚನೆಗೆ ಮೂರು ವರ್ಷದವರೆಗೆ ಶಿಕ್ಷೆ, ಅದು ಜಾಮೀನು ಸಿಗುವ ಅಪರಾಧ. ಅದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 318(4) ಸೇರಿದರೆ ಶಿಕ್ಷೆ ಏಳು ವರ್ಷದವರೆಗೆ, ಜಾಮೀನು ಹಕ್ಕಾಗಿ ಉಳಿಯುವುದಿಲ್ಲ. ಈ ವ್ಯತ್ಯಾಸವನ್ನು ಆ ತಾಯಿ ಎಲ್ಲಿಂದ ಅರಿಯಬೇಕು?

2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಫೇಸ್‌ಬುಕ್ ಬರಹಕ್ಕಾಗಿ ಇಬ್ಬರು ಯುವತಿಯರನ್ನು ಬಂಧಿಸಲಾಯಿತು. ಒಬ್ಬಳು ಅದನ್ನು ಬರೆದಿದ್ದಳು, ಇನ್ನೊಬ್ಬಳು ಕೇವಲ ಮೆಚ್ಚುಗೆ ಒತ್ತಿದ್ದಳು. ಅಂಥ ಬಂಧನಗಳಿಗೆ ಬಳಕೆಯಾಗುತ್ತಿದ್ದ 66ಎ ಸೆಕ್ಷನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಗೊಳಿಸಿತು. 'ಪೊಲೀಸರು ಬಂದರೆಂದರೆ ತಪ್ಪು ಮಾಡಿರಲೇಬೇಕು' ಎನ್ನುವವರು ಇದಕ್ಕೇನು ಹೇಳುತ್ತಾರೆ?

ಇನ್ನು ನಮ್ಮ ರಾಜ್ಯದ ಮಾತು. 2020ರಲ್ಲಿ ಹುಬ್ಬಳ್ಳಿಯಲ್ಲಿ ಒಂದು ವೀಡಿಯೊಗಾಗಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಬಂಧನವಾದಾಗ, ಅವರ ಪರ ಯಾರೂ ವಕಾಲತ್ತು ವಹಿಸಬಾರದೆಂದು ಅಲ್ಲಿನ ವಕೀಲರ ಸಂಘ ನಿರ್ಣಯಿಸಿತು. ಹೈಕೋರ್ಟ್ ಈ ನಿಲುವನ್ನು ಕಟುವಾಗಿ ಟೀಕಿಸಿತು. ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಬೇಕಾಯಿತು. ಇಂಥ ನಿರ್ಣಯಗಳು ಸಂವಿಧಾನಕ್ಕೂ ವಕೀಲ ವೃತ್ತಿಯ ಧರ್ಮಕ್ಕೂ ವಿರುದ್ಧವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಎ.ಎಸ್. ಮುಹಮ್ಮದ್ ರಫಿ ಪ್ರಕರಣದಲ್ಲಿ ಸಾರಿತ್ತು. ಅಂದು ಆ ವಕೀಲರ ಸಂಘವನ್ನು ನಾವೆಲ್ಲ ದೂರಿದೆವು. ನಮ್ಮ ಮಸೀದಿಯ ಗೇಟಿನಲ್ಲಿ ನಾವು ಮಾಡಿದ್ದು ಅದಕ್ಕಿಂತ ಭಿನ್ನವೇ? ಅವರದು ಬರೆದ ನಿರ್ಣಯ, ನಮ್ಮದು ಬರೆಯದ ನಿರ್ಣಯ, ಅಷ್ಟೇ.

ಹಾಗಾದರೆ ಹುಡುಗ ನಿಜವಾಗಿ ತಪ್ಪು ಮಾಡಿದ್ದರೆ? ಆಗಲೂ ಅವನಿಗೆ ವಕೀಲ ಬೇಕು. ಅಕ್ರಮಿಯಾದ ಸಹೋದರನಿಗೂ ನೆರವಾಗಿರಿ, ಅವನನ್ನು ಅಕ್ರಮದಿಂದ ತಡೆಯುವುದೇ ಆ ನೆರವು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಮಿಷನ್ ಆಸೆಗೆ ಖಾತೆ ಬಾಡಿಗೆಗೆ ಕೊಟ್ಟಿದ್ದರೆ ಆ ದುಡ್ಡು ಹರಾಮ್. ಅದರ ಇನ್ನೊಂದು ತುದಿಯಲ್ಲಿ ಪಿಂಚಣಿಯ ಗಂಟು ಕಳೆದುಕೊಂಡ ಯಾರೋ ವೃದ್ಧರಿರುತ್ತಾರೆ. ಅವರ ಹಕ್ಕನ್ನು ಮರಳಿಸದೆ ತೌಬಾ ಪೂರ್ಣವಾಗುವುದಿಲ್ಲ. ಸುಳ್ಳು ಸಾಕ್ಷಿ ಸೃಷ್ಟಿಸುವುದಕ್ಕೂ ಫೋನಿನ ದಾಖಲೆ ಅಳಿಸುವುದಕ್ಕೂ ನಾವು ಕೈಜೋಡಿಸಬಾರದು. ವಾಕ್ಚಾತುರ್ಯದಿಂದ ಪರರ ಹಕ್ಕನ್ನು ಗೆದ್ದವನು ನರಕದ ತುಂಡೊಂದನ್ನು ಗೆದ್ದಿದ್ದಾನೆ ಎಂಬ ಪ್ರವಾದಿ ವಚನದ ಆಶಯ ಆರೋಪಿಗೂ ವಕೀಲರಿಗೂ ನೆನಪಿರಲಿ. ಆದರೆ ಅವನು ಮಾಡಿದ್ದಕ್ಕಷ್ಟೇ ಶಿಕ್ಷೆಯಾಗಬೇಕು, ಇಡೀ ಜಾಲದ ಪಾಪ ಅವನೊಬ್ಬನ ತಲೆಗೆ ಬರಬಾರದು.

ಜಮಾಅತ್‌ಗಳು ಮಾಡಬೇಕಾದುದು ದೊಡ್ಡದೇನಲ್ಲ. ಸೈಬರ್ ಪ್ರಕರಣ ಬಲ್ಲ ಇಬ್ಬರು ಮೂವರು ವಕೀಲರ ಹೆಸರನ್ನು, ಅವರು ಯಾವ ಧರ್ಮದವರೇ ಆಗಿರಲಿ, ಕಚೇರಿಯಲ್ಲಿ ಇಟ್ಟುಕೊಳ್ಳಲಿ. ಸದಕಾ ನಿಧಿಯ ಒಂದು ಪಾಲು ಬಡ ಆರೋಪಿಗಳಿಗಿರಲಿ. ಬಂಧನದ ಕಾರಣ ತಿಳಿಯುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು, ತನ್ನ ಆಯ್ಕೆಯ ವಕೀಲರನ್ನು ಕಾಣುವುದು ಸಂವಿಧಾನದ 22ನೆಯ ವಿಧಿ ಕೊಟ್ಟ ಹಕ್ಕುಗಳೆಂದು ಮನೆಮನೆಗೂ ತಿಳಿಯಲಿ. ಕಸ್ಟಡಿಯಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಖಾತೆಯನ್ನೂ ಸಿಮ್ಮನ್ನೂ ಯಾರಿಗೂ ಕೊಡಬಾರದೆಂದು ಜುಮಾ ಖುತ್ಬಾದಲ್ಲೇ ಹೇಳೋಣ.

ಸಂಶಯದ ಮೇಲೆ ಸಹೋದರನನ್ನು ಕೈಬಿಡುವ ಪಾಪದಿಂದ ಅಲ್ಲಾಹನು ನಮ್ಮನ್ನು ಕಾಪಾಡಲಿ. ಮತ್ತೊಬ್ಬ ತಾಯಿ ಆ ಗೇಟಿನ ಬಳಿ ಬಂದು ನಿಂತಾಗ ಬಾಯಿ ತೆರೆಯುವ ತೌಫೀಕನ್ನು ನನಗೂ ನಿಮಗೂ ಕರುಣಿಸಲಿ. ಆಮೀನ್.