ಹಿರಗಾನ ಬರುತ್ತೆ, ಕನ್ನಡ ಬರಲ್ವಾ?

ರಾಯದುರ್ಗ, ಮಡಕಶಿರಾದ ಅನಿಮೆ ಹುಡುಗ್ರೇ, ಹುಡುಗೀರೇ, ಸ್ವಲ್ಪ ಕೇಳಿ. ಈ ಬೈಗುಳ ನಮಗೂ ಸೇರಿದ್ದೇ.

ಮನೇಲಿ ಅವ್ವನ ಹತ್ರ ಕನ್ನಡ. ಗ್ರೂಪಲ್ಲಿ ನರುಟೊ, ಒನ್ ಪೀಸ್ ಮಾತು ಬಂದ್ರೆ ತೆಲುಗು, ಇಲ್ಲಾ ಇಂಗ್ಲಿಷ್. ಅಲ್ಲಿರೋರೆಲ್ಲ ಕನ್ನಡದವರೇ ಆದ್ರೂ ಅಷ್ಟೇ! "ಸೆನ್‌ಪಾಯ್" ಅನ್ನೋಕೆ ನಾಚಿಕೆ ಇಲ್ಲ, "ಅಣ್ಣ" ಅಂತ ಕನ್ನಡದಲ್ಲಿ ಬರೆಯೋಕೆ ನಾಚಿಕೆ.

ಬೆಂಗಳೂರಿನವರ ಗ್ರೂಪಲ್ಲಿ ಬರೆದ್ರೆ ಇನ್ನೊಂದು ಕಾಟ. "ಇದೇನ್ ತೆಲುಗು ಕನ್ನಡ?" ಅಂತ ನಗ್ತಾರೆ. ನಗೋರಿಗೆ ಹೇಳ್ತೀವಿ: 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗೋವರೆಗೂ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಗಡಿ ಬದಲಾಯ್ತು, ನಮ್ಮ ಮನೆಮಾತು ಬದಲಾಗ್ಲಿಲ್ಲ.

2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಹಿಂದಿ, ತಮಿಳು, ತೆಲುಗಿನಲ್ಲಿ ಥಿಯೇಟರಿಗೆ ಬಂತು. ಕನ್ನಡದಲ್ಲಿ ಬರಲಿಲ್ಲ. ಕೇಳೋಣ, ಜಗಳಾನೂ ಆಡೋಣ. ಆದ್ರೆ ನಾವೇ ಕನ್ನಡದಲ್ಲಿ ಒಂದು ಸಾಲು ಬರೆಯದಿದ್ರೆ, ಕನ್ನಡದಲ್ಲಿ ನೋಡೋ ಜನ ಇದ್ದಾರೆ ಅಂತ ಯಾರಿಗೆ ಗೊತ್ತಾಗ್ಬೇಕು?

"ತೆಲುಗು ಮೀಡಿಯಂ, ಕನ್ನಡ ಓದೋಕೆ ಬರಲ್ಲ" ಅನ್ನೋ ನೆಪ ಬೇಡ. ಅನಿಮೆಗೋಸ್ಕರ ಹಿರಗಾನದ 46 ಅಕ್ಷರ ಕಲಿಯೋಕೆ ಕೂರ್ತೀರಿ. ತೆಲುಗು ಓದೋರಿಗೆ ಕನ್ನಡದ ಬಹುಪಾಲು ಅಕ್ಷರ ಆಗಲೇ ಅರ್ಧ ಗೊತ್ತು. ತಲೆಕಟ್ಟು ಬೇರೆ, ಕೆಲವು ಅಕ್ಷರ ಬೇರೆ, ಅಷ್ಟೇ. ತೆಲುಗಿನ ಮೇಲೆ ನಮಗೆ ದ್ವೇಷ ಇಲ್ಲ. ಅದನ್ನೇ ಏಣಿ ಮಾಡ್ಕೊಂಡು ಕನ್ನಡಕ್ಕೆ ಹತ್ತೋಣ.

ಇವತ್ತು ಎಪಿಸೋಡ್ ಮುಗಿದ ಮೇಲೆ ಫೋನಿನ ಕೀಬೋರ್ಡಿಗೆ ಕನ್ನಡ ಸೇರಿಸಿ. ನಮ್ಮೂರ ಕನ್ನಡದಲ್ಲೇ ಒಂದು ಸಾಲು ಬರೀರಿ, ತಪ್ಪಾದ್ರೂ ಪರವಾಗಿಲ್ಲ. ಯಾರಾದ್ರೂ ನಕ್ಕರೆ ನಾವಿದ್ದೀವಿ.