ರೆಂಡರ್ ನಿಂತರೆ ನೆಟ್‌ವರ್ಕಿಗೆ ಬೈಯಬೇಡಿ

ಒಂದೇ ವಿಡಿಯೋವನ್ನು ನಾಲ್ಕೈದು ಕಂಪ್ಯೂಟರುಗಳಿಗೆ ಹಂಚಿ ರೆಂಡರ್ ಮಾಡಿಸುವುದು ಎಡಿಟಿಂಗ್ ಆಫೀಸುಗಳಲ್ಲಿ ಹಳೆಯ ರೂಢಿ. ರಾತ್ರಿ ಹತ್ತಕ್ಕೆ ಕೆಲಸ ಹಚ್ಚಿ ಹಿರಿಯರು ಮನೆಗೆ ಹೊರಡುತ್ತಾರೆ. ಎರಡು ಗಂಟೆಗೆ ಅದು ಅರ್ಧದಲ್ಲಿ ನಿಂತುಬಿಡುತ್ತದೆ. ತಪ್ಪೇನೆಂದು ಪರದೆ ಹೇಳುವುದಿಲ್ಲ, ಪಟ್ಟಿ ಮುಂದೆ ಸರಿಯುವುದಿಲ್ಲ. ಕಾವಲಿಗಿದ್ದ ಅಸಿಸ್ಟೆಂಟ್ ಫೋನ್ ಮಾಡಿದರೆ ಬರುವ ಉತ್ತರ ಅಂಧೇರಿಯಾದರೂ ಅದೇ, ವಡಪಳನಿಯಾದರೂ ಅದೇ: ‘ನೆಟ್‌ವರ್ಕ್ ಸ್ಲೋ ಇರ್ಬೇಕು, ರೀಸ್ಟಾರ್ಟ್ ಮಾಡು.’

ಈ ಉತ್ತರ ಸೋಮಾರಿತನದ್ದು ಎಂಬುದು ನನ್ನ ತಕರಾರು. ಲೆಕ್ಕ ಹಾಕಿಯೇ ನೋಡೋಣ. ಸಾಧಾರಣ ಗಿಗಾಬಿಟ್ ನೆಟ್‌ವರ್ಕ್ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಸಾಗಿಸುತ್ತದೆ. 10 ಬಿಟ್ 4ಕೆ ಡಿಪಿಎಕ್ಸ್ ಫ್ರೇಮ್ ಒಂದರ ತೂಕ ಸುಮಾರು 35 ಮೆಗಾಬೈಟ್. ಗ್ರಾಫಿಕ್ಸ್ ತುಂಬಿದ ಒಂದು ಫ್ರೇಮಿಗೆ 10 ಸೆಕೆಂಡ್ ಬೇಕೆಂದುಕೊಂಡರೆ, ಐದು ಮಷಿನ್ ಸೇರಿ ಎರಡು ಸೆಕೆಂಡಿಗೊಂದು ಫ್ರೇಮ್ ಮುಗಿಸುತ್ತವೆ. ಪ್ರತಿ ಫ್ರೇಮಿಗೂ ಅಷ್ಟೇ ತೂಕದ ಎರಡು ಲೇಯರ್ ಓದಿ ಒಂದನ್ನು ಬರೆದರೂ ಸೆಕೆಂಡಿಗೆ 50 ಮೆಗಾಬೈಟಿನ ಆಸುಪಾಸು. ದಾರಿಯ ಅರ್ಧವೂ ತುಂಬಲಿಲ್ಲ. ಮೇಲಾಗಿ, ನೆಟ್‌ವರ್ಕ್ ನಿಧಾನವಾಗಿದ್ದರೆ ರೆಂಡರ್ ಕುಂಟಬೇಕಿತ್ತು. ಹೀಗೆ ಗಂಟೆಗಟ್ಟಲೆ ಗರಬಡಿದಂತೆ ಏಕೆ ನಿಲ್ಲಬೇಕು?

ನಿಲ್ಲುವುದು ಹೆಚ್ಚಾಗಿ ವಿಳಾಸ ತಪ್ಪಿದ್ದಕ್ಕೆ. ವಿಂಡೋಸ್‌ನಲ್ಲಿ ಸರ್ವರಿನ ಫೋಲ್ಡರಿಗೆ ‘ಝಡ್’ ಡ್ರೈವ್ ಎಂದು ಹೆಸರಿಟ್ಟುಕೊಂಡಿರುತ್ತೇವೆ. ಆ ಹೆಸರು ಲಾಗಿನ್ ಆದವರಿಗೆ ಮಾತ್ರ ಸೇರಿದ್ದು. ಹಿನ್ನೆಲೆಯಲ್ಲಿ ಬೇರೆ ಅಕೌಂಟಿನಡಿ ಓಡುವ ರೆಂಡರ್ ಸರ್ವಿಸಿಗೆ ಅಂಥದೊಂದು ಡ್ರೈವ್ ಇರುವುದೇ ಕಾಣುವುದಿಲ್ಲ. ಹಾಗಾಗಿ ಸರ್ವರಿನ ಪೂರ್ಣ ವಿಳಾಸವನ್ನೇ ಕೊಡಬೇಕು. ಮ್ಯಾಕ್‌ನಲ್ಲಿ ಇನ್ನೊಂದು ತಮಾಷೆ: ಹಳೆಯ ಸಂಪರ್ಕ ಸರಿಯಾಗಿ ಕಡಿಯದಿದ್ದರೆ ಅದೇ ಡಿಸ್ಕ್ ಹೆಸರಿನ ಬಾಲಕ್ಕೆ ‘-1’ ಅಂಟಿಸಿಕೊಂಡು ಬರುತ್ತದೆ. ಮನುಷ್ಯರ ಕಣ್ಣಿಗೆ ಅದೇ ಡಿಸ್ಕ್, ಸಾಫ್ಟ್‌ವೇರಿಗೆ ಬೇರೆಯದು. ಡಾವಿಂಚಿ ರಿಸಾಲ್ವ್‌ನ ರಿಮೋಟ್ ರೆಂಡರಿಂಗಿಗೂ ಎರಡೂ ಮಷಿನ್ ಒಂದೇ ಪ್ರಾಜೆಕ್ಟ್ ಡೇಟಾಬೇಸನ್ನು ನೋಡುತ್ತಿರಬೇಕು, ಫೂಟೇಜ್ ಎರಡಕ್ಕೂ ಸಿಗುವಂತಿರಬೇಕು. ಕೆಲವೊಮ್ಮೆ ಫೋಲ್ಡರನ್ನು ಓದಲು ಅನುಮತಿ ಇರುತ್ತದೆ, ಬರೆಯಲು ಇರುವುದಿಲ್ಲ. ಇವಕ್ಕೆಲ್ಲ ರೀಸ್ಟಾರ್ಟ್ ಮದ್ದಲ್ಲ. ಮ್ಯಾಕ್‌ನ ಆ ‘-1’ ರೀಸ್ಟಾರ್ಟಿನಿಂದ ಹೋಗಬಹುದು. ಆದರೆ ಹಾಗೆ ಹೋದರೆ ಕಾರಣ ಯಾರಿಗೂ ತಿಳಿಯುವುದಿಲ್ಲ, ಮುಂದಿನ ವಾರ ಮತ್ತೆ ಅದೇ ಫೋನು.

ನಿಂತರೂ ಪರವಾಗಿಲ್ಲ, ನಿಲ್ಲದೆ ತಪ್ಪು ಮಾಡುವುದು ಇನ್ನೂ ಕೆಟ್ಟದ್ದು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ‘ಕಲೆಕ್ಟ್ ಫೈಲ್ಸ್’ ಕೊಟ್ಟರೆ ಫೂಟೇಜ್ ಬರುತ್ತದೆ, ಪ್ಲಗಿನ್ ಬರುವುದಿಲ್ಲ. ಯಾವ ಫಾಂಟ್, ಯಾವ ಎಫೆಕ್ಟ್ ಬೇಕೆಂಬುದು ಜೊತೆಗೆ ಬರುವ ಸಣ್ಣ ಟೆಕ್ಸ್ಟ್ ಫೈಲಿನಲ್ಲಿ ಇರುತ್ತದೆ. ಅದನ್ನು ತೆರೆದು ಓದುವವರು ಅಪರೂಪ. ಪರಊರಿನ ಆಫೀಸಿನಲ್ಲಿ ಕನ್ನಡ ಟೈಟಲ್ ಮಾಡುವವರಿಗೆ ಇದರ ಬಿಸಿ ಜಾಸ್ತಿ. ಐದರಲ್ಲಿ ಒಂದು ಮಷಿನ್‌ಗೆ ಆ ಕನ್ನಡ ಫಾಂಟ್ ಹಾಕಿರದಿದ್ದರೆ, ಅದರ ಪಾಲಿನ ಫ್ರೇಮುಗಳಲ್ಲಷ್ಟೇ ಅಕ್ಷರ ಬೇರೆಯಾಗುತ್ತದೆ ಅಥವಾ ಒತ್ತಕ್ಷರ ಸಿಡಿದು ಪಕ್ಕಕ್ಕೆ ಬೀಳುತ್ತದೆ. ಕನ್ನಡ ಓದಲು ಬಾರದ ಆಫೀಸಿನಲ್ಲಿ ಅದನ್ನು ಹಿಡಿಯುವವರು ಯಾರು?

ಸಾಫ್ಟ್‌ವೇರ್ ಕಂಪನಿಗಳನ್ನೂ ಸುಮ್ಮನೆ ಬಿಡುವಂತಿಲ್ಲ. ಯಾವ ಫೈಲ್ ಸಿಗಲಿಲ್ಲ ಎಂಬುದನ್ನು ಎಷ್ಟೋ ಸಲ ಅವರ ಪ್ರೋಗ್ರಾಮ್ ಲಾಗ್ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಪರದೆಯ ಮೇಲೆ ಒಂದು ಸಾಲು ತೋರಿಸಲು ಏನು ಅಡ್ಡಿಯೋ! ಆದರೆ ಲಾಗ್ ಓದಲು ಅಸಿಸ್ಟೆಂಟಿಗೆ ಹೇಳಿಕೊಡದ ಹಿರಿಯರ ಪಾಲು ಇದರಲ್ಲಿ ಸಣ್ಣದಲ್ಲ. ಎರಡು ಗಂಟೆಗೆ ಎದ್ದಿರುವವರು ಅತಿ ಕಡಿಮೆ ಸಂಬಳದವರು. ಬೆಳಿಗ್ಗೆ ಡೆಲಿವರಿ ತಪ್ಪಿದರೆ ‘ನಿದ್ದೆ ಮಾಡಿದ್ಯಾ?’ ಎಂದು ಕೇಳಿಸಿಕೊಳ್ಳುವವರೂ ಅವರೇ. ಡ್ರೈವ್‌ಗೆ ಹೆಸರಿಟ್ಟವರು, ಅನುಮತಿ ಕೊಡಲು ಮರೆತವರು ಅಷ್ಟು ಹೊತ್ತಿಗೆ ಇನ್ನೂ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ.

ಹೊಸ ಸ್ವಿಚ್‌ಗೆ ಕೊಟೇಶನ್ ತರಿಸುವ ಮೊದಲು, ಸಂಜೆ ಎಲ್ಲರೂ ಆಫೀಸಿನಲ್ಲಿ ಇರುವಾಗಲೇ ಪ್ರತಿ ಮಷಿನ್‌ನಿಂದ ಒಂದೊಂದು ಫ್ರೇಮ್ ರೆಂಡರ್ ಮಾಡಿಸಿ, ಅದೇ ರಾತ್ರಿ ಬಳಸುವ ಫೋಲ್ಡರಿಗೆ, ಅದೇ ಅಕೌಂಟಿನಿಂದ. ಟೈಟಲ್ ಇರುವ ಫ್ರೇಮನ್ನೇ ಆರಿಸಿ. ಬಾರದ ಫ್ರೇಮ್ ಯಾವ ಮಷಿನ್‌ನದೆಂದು ನೋಡಿ ಅದರ ಲಾಗ್ ತೆರೆಯಿರಿ. ಅಸಿಸ್ಟೆಂಟನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೆರೆಯಿರಿ.